ನಾತಾನನನ್ನು ಹೊರಗೆ ಕಳಿಸಬೇಡ

ಪ್ರಿಯ ಗೆಳೆಯ,

ಕರ್ತನ ಹೆಸರಿನಲ್ಲಿ ವಂದನೆ.

ನಿನ್ನ ಪತ್ರ ಓದಿದೆ. ಮನೆಯವರ ಜೊತೆ ನೀನು ಮಾತಾಡುವ ರೀತಿ ಸರಿಯಿಲ್ಲ ಎಂದು ಸಭೆಯ ಹಿರಿಯರು ನಿನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅದು ನಿನ್ನನ್ನು ಚುಚ್ಚಿದೆ. ಪ್ರಾರ್ಥನೆಗೆ ಕೂತರೂ ಅದೇ ಮಾತು ಎದುರಿಗೆ ಬರುತ್ತಿದೆ ಎಂದು ಬರೆದಿದ್ದೀಯ. "ದೇವರಿಗೆ ನಾನು ಬೇಡವಾದೆನಾ?" ಎಂದು ಕೇಳಿದ್ದೀಯ.

ಇಲ್ಲ ಕಣೋ. ಬೇಡವಾದವನನ್ನು ಯಾರೂ ಕೂತು ತಿದ್ದುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ಹೇಳುವುದೂ ಇದನ್ನೇ. ಕರ್ತನು ಶಿಕ್ಷಿಸುವುದು ತಾನು ಪ್ರೀತಿಸುವವರನ್ನು, ಮಕ್ಕಳೆಂದು ಸೇರಿಸಿಕೊಂಡವರನ್ನು. ಆ ಹೊತ್ತಿಗೆ ಅದು ದುಃಖವೇ, ಸಂತೋಷವಲ್ಲ ಎಂದೂ ಅಲ್ಲೇ ಬರೆದಿದೆ. ಹಾಗಾಗಿ ನೋವಾಯಿತು ಎಂದು ನೀನು ನಾಚಬೇಕಾಗಿಲ್ಲ.

ಅರಸ ದಾವೀದನ ಕಥೆ ನಿನಗೆ ಗೊತ್ತು. ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿದ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿದ, ಆಮೇಲೆ ಸುಮ್ಮನಿದ್ದ. ದೇವರು ಸುಮ್ಮನಿರಲಿಲ್ಲ, ಪ್ರವಾದಿ ನಾತಾನನನ್ನು ಕಳಿಸಿದ. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆಯನ್ನು ನಾತಾನ ಹೇಳಿದಾಗ ದಾವೀದ ಕೋಪದಿಂದ ಉರಿದ. ಆಗ ನಾತಾನ, "ಆ ಮನುಷ್ಯನು ನೀನೇ" ಎಂದ. ಅರಸನ ಮುಂದೆ ಹಾಗೆ ಹೇಳುವುದು ಸಣ್ಣ ಮಾತಲ್ಲ. ದಾವೀದ ನೆಪ ಹೇಳಲಿಲ್ಲ, "ನಾನು ಕರ್ತನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ" ಎಂದ. ಕ್ಷಮೆಯ ಮಾತು ಕೂಡಲೇ ಬಂತು. ಪಾಪದ ಫಲವನ್ನು ಮಾತ್ರ ಅವನ ಮನೆ ಮುಂದೆಯೂ ಅನುಭವಿಸಬೇಕಾಯಿತು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಈ ಕಥೆ ಇರುವ ಎರಡನೇ ಸಮುವೇಲನ 12ನೇ ಅಧ್ಯಾಯದ ಕೊನೆಯ ಕಡೆ ನಾವು ಬೇಗ ದಾಟಿಬಿಡುವ ಒಂದು ವಿಷಯವಿದೆ. ದಾವೀದನಿಗೆ ಬತ್ಷೆಬೆಯಲ್ಲಿ ಸೊಲೊಮೋನ ಹುಟ್ಟಿದಾಗ ದೇವರು ಮತ್ತೆ ನಾತಾನನ ಕೈಯಲ್ಲೇ ಹೇಳಿಕಳಿಸುತ್ತಾನೆ. ಮಗುವಿಗೆ ಯೆದೀದ್ಯ, ಅಂದರೆ ಕರ್ತನಿಗೆ ಪ್ರಿಯನಾದವನು, ಎಂಬ ಹೆಸರು ಬಂತು. ಗದರಿಸಿದವನೇ ಈ ಹೆಸರನ್ನೂ ತಂದ! ದಾವೀದ ಮುದುಕನಾಗಿ ಹಾಸಿಗೆ ಹಿಡಿದಾಗಲೂ ನಾತಾನ ಅವನ ಕೋಣೆಗೆ ಬಂದು ಮಾತಾಡುತ್ತಾನೆ. ಅಷ್ಟು ಕಟುವಾದ ಮಾತು ಹೇಳಿದವನನ್ನು ಅರಸ ಅಷ್ಟು ವರ್ಷ ಹತ್ತಿರವೇ ಇಟ್ಟುಕೊಂಡಿದ್ದ. ಇಸ್ರಾಯೇಲಿನ ಇನ್ನೊಬ್ಬ ಅರಸ ಅಹಾಬ ಹಾಗಲ್ಲ. ಪ್ರವಾದಿ ಎಲೀಯನನ್ನು ಕಂಡ ಕೂಡಲೇ ವೈರಿ ಎಂದು ಕರೆದ. ಇನ್ನೊಬ್ಬ ಪ್ರವಾದಿ ಮೀಕಾಯೆಹು ನಿಜ ಹೇಳಿದ್ದಕ್ಕೆ ಅವನನ್ನು ಸೆರೆಗೆ ಹಾಕಿಸಿದ. ನೀನು ಆ ಹಿರಿಯರನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದೀಯ ಎಂದು ಓದಿದಾಗ ನನಗೆ ಭಯವಾಗಿದ್ದು ಇದಕ್ಕೇ.

ಆದರೆ ಕಷ್ಟ ಬಂದಾಗಲೆಲ್ಲ "ದೇವರು ಶಿಕ್ಷಿಸುತ್ತಿದ್ದಾನೆ" ಎಂದುಕೊಳ್ಳಬೇಡ. ನೀತಿವಂತನಾಗಿದ್ದೂ ಕಷ್ಟಪಟ್ಟ ಯೋಬನಿಗೆ ಅವನ ಸ್ನೇಹಿತರು ಹಾಗೆ ಮಾತಾಡಿ ದೇವರ ಕೋಪಕ್ಕೆ ಗುರಿಯಾದರು. ಹುಟ್ಟುಕುರುಡನನ್ನು ನೋಡಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದ ಯೇಸು. ಮನುಷ್ಯರು ಹೇಳಿದ್ದೆಲ್ಲ ದೇವರ ಮಾತೂ ಅಲ್ಲ. ಸತ್ಯವೇದದ ಮುಂದೆ ಇಟ್ಟು ನೋಡಬೇಕು.

ನಾನು ನೋಡುವುದು ಇಷ್ಟು. "ನೀನು ಯಾವುದಕ್ಕೂ ಲಾಯಕ್ಕಿಲ್ಲ, ಇನ್ನು ಪ್ರಾರ್ಥನೆ ಯಾಕೆ" ಎನ್ನುವ ದನಿ ನಮ್ಮ ತಂದೆಯದಲ್ಲ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧದ ತೀರ್ಪಿಲ್ಲ ಎಂದು ರೋಮಾಪುರದವರಿಗೆ ಪೌಲ ಬರೆದಿದ್ದಾನೆ. ಪವಿತ್ರಾತ್ಮನು ತಿದ್ದುವಾಗ ಇಂಥದ್ದು ಎಂದು ಗುರುತಿಸಿ ತೋರಿಸುತ್ತಾನೆ, ತೋರಿಸಿ ಹತ್ತಿರ ಕರೆಯುತ್ತಾನೆ. ಪ್ರಕಟನೆ ಪುಸ್ತಕದಲ್ಲಿ ಲವೊದಿಕೀಯ ಎಂಬ ಊರಿನ ಸಭೆಯನ್ನು ಅಷ್ಟು ಗದರಿಸಿದ ಕರ್ತನೇ ಮುಂದಿನ ಮಾತಿನಲ್ಲಿ ಬಾಗಿಲ ಹತ್ತಿರ ನಿಂತು ತಟ್ಟುತ್ತಾನೆ, ಅಲ್ವಾ?

ನಿನಗೆ ತೋರಿಸಿದ್ದು ಒಂದೇ ವಿಷಯ, ನಿನ್ನ ನಾಲಿಗೆ. ಹಿರಿಯರು ಹೇಳಿದ ರೀತಿ ಒರಟಾಗಿದ್ದಿರಬಹುದು. ಮಾತು ನಿಜವೋ ಅಲ್ಲವೋ ಎಂದು ನಿನ್ನ ಹೆಂಡತಿಯನ್ನೇ ಕೇಳು. ಅವಳು ಹೇಳುವಾಗ ನಡುವೆ ಬಾಯಿ ಹಾಕಬೇಡ. ಹೌದು ಎಂದರೆ ಕ್ಷಮೆ ಕೇಳು, ಮಕ್ಕಳ ಹತ್ತಿರವೂ ಕೇಳು. ದಾವೀದನ ಪಶ್ಚಾತ್ತಾಪದ ಪ್ರಾರ್ಥನೆಯಾದ 51ನೇ ಕೀರ್ತನೆಯನ್ನು ನಿಧಾನವಾಗಿ, ನಿನ್ನದೇ ಪ್ರಾರ್ಥನೆಯಾಗಿ ಓದು. ಭಾನುವಾರ ಆರಾಧನೆ ಮುಗಿದ ಮೇಲೆ ನೀನೇ ಹೋಗಿ ಆ ಹಿರಿಯರನ್ನು ಮಾತಾಡಿಸು. ಏನಾಯಿತು ಎಂದು ನನಗೆ ಬರೆ. ಅಲ್ಲಿಯವರೆಗೂ ನಿನ್ನ ಹೆಸರು, ಅವರ ಹೆಸರು ಎರಡೂ ನನ್ನ ಪ್ರಾರ್ಥನೆಯಲ್ಲಿರುತ್ತವೆ.

ಪ್ರೀತಿಯಿಂದ,
ನಿನ್ನ ಗೆಳೆಯ