ಹತ್ತನೇ ತರಗತಿಯ ಚರ್ಚೆ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ಬರುವ ಶನಿವಾರ ಬೆಳಗ್ಗೆ ಹತ್ತನೇ ತರಗತಿಯಲ್ಲಿ ಒಂದು ಚರ್ಚೆ ಇಟ್ಟುಕೊಂಡಿದ್ದೇವೆ. ವಿಷಯ, ‘ಮತದಾನದ ವಯಸ್ಸನ್ನು 16ಕ್ಕೆ ಇಳಿಸಬೇಕು’. ಪ್ರತಿಭಾ ಕಾರಂಜಿ ಥರ ಬಹುಮಾನ, ಸರ್ಟಿಫಿಕೇಟು ಏನೂ ಇಲ್ಲ. ಸಮಾಜ ವಿಜ್ಞಾನದ ಪಾಠವನ್ನೇ ಈ ರೀತಿ ಮಾಡುತ್ತಿದ್ದೇವೆ.

ಯಾರು ಪರ, ಯಾರು ವಿರೋಧ ಅನ್ನೋದು ಚೀಟಿ ಎತ್ತಿ ತೀರ್ಮಾನವಾಗಿದೆ. ಹಾಗಾಗಿ ಊಟಕ್ಕೆ ಕೂತಾಗ ಮಗಳು ‘ನಮಗೂ ಓಟು ಬೇಕು’ ಅಂತ ವಾದ ತೆಗೆದರೆ ಗಾಬರಿ ಬೇಡ. ಅವಳಿಗೆ ಬಂದ ಚೀಟಿ ಹಾಗಿದೆ. ತಾವು ಒಪ್ಪದ ಮಾತಿನ ಪರ ನಿಲ್ಲಬೇಕಾಗಿ ಬಂದಾಗಲೇ ಮಕ್ಕಳು ಎದುರಿನವರ ಮಾತಿಗೆ ಸರಿಯಾಗಿ ಕಿವಿಗೊಡುತ್ತಾರೆ. ನೀವೂ ಸ್ವಲ್ಪ ಪಟ್ಟು ಹಿಡಿದು ವಾದ ಮಾಡಿ. ಎದುರುತ್ತರ ಕೊಟ್ಟಳು ಅಂತ ಮಾತ್ರ ಬೈಯಬೇಡಿ, ಈ ವಾರ ಅದೇ ಹೋಮ್‌ವರ್ಕ್.

ದಯವಿಟ್ಟು ಭಾಷಣ ಬರೆದುಕೊಡಬೇಡಿ. ಬಾಯಿಪಾಠ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಅಂತ ಶುರುವಾಗುತ್ತದೆ, ನಮ್ಮ ತರಗತಿಯಲ್ಲಿ ವೇದಿಕೆಯೇ ಇಲ್ಲ! ಒಬ್ಬೊಬ್ಬರಿಗೆ ಮೂರೇ ನಿಮಿಷ. ಆಮೇಲೆ ಎದುರು ತಂಡಕ್ಕೆ ನಿಂತಲ್ಲೇ ಉತ್ತರ ಕೊಡಬೇಕು. ‘ಗೇರ್ ಇಲ್ಲದ 50 ಸಿಸಿ ಗಾಡಿಗೆ 16ಕ್ಕೇ ಲೈಸೆನ್ಸ್ ಕೊಡುತ್ತಾರೆ, ಓಟು ಯಾಕಿಲ್ಲ?’ ಅಂತ ಪರ ತಂಡ ಕೇಳಬಹುದು. ‘ಆ ಲೈಸೆನ್ಸಿಗೆ ಪೋಷಕರ ಒಪ್ಪಿಗೆ ಬೇಕು. ಓಟಿಗೂ ಅಪ್ಪನ ಸಹಿ ಹಾಕಿಸ್ತೀರಾ?’ ಅಂತ ಆ ಕಡೆಯಿಂದ ಬಂದರೆ? ಅದಕ್ಕೆ ಮನೆಯಿಂದ ಬರೆದು ತಂದ ಹಾಳೆ ಉಪಯೋಗಕ್ಕೆ ಬರುವುದಿಲ್ಲ.

ಸಹಾಯ ಮಾಡಲೇಬೇಕು ಅನ್ನಿಸಿದರೆ ಮಕ್ಕಳನ್ನು ಅಜ್ಜಿ, ತಾತನ ಹತ್ತಿರ ಕೂರಿಸಿ. ನಮ್ಮ ದೇಶದಲ್ಲಿ ಮೊದಲು ಮತದಾನದ ವಯಸ್ಸು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ 18 ಆಯಿತು. ಮೊದಲ ಓಟು ಯಾವಾಗ ಹಾಕಿದಿರಿ, ಹೇಗೆ ನಿರ್ಧಾರ ಮಾಡಿದಿರಿ ಅಂತ ಕೇಳಲಿ. ಆಸ್ಟ್ರಿಯಾ 2007ರಲ್ಲೇ 16ಕ್ಕೆ ಇಳಿಸಿದ್ದು, ಬ್ರೆಜಿಲ್‌ನಲ್ಲಿ 16, 17 ವಯಸ್ಸಿನವರು ಇಷ್ಟವಿದ್ದರೆ ಮತ ಹಾಕಬಹುದಾದದ್ದು, ಇವನ್ನೆಲ್ಲ ಎರಡೂ ತಂಡಕ್ಕೆ ನಾವೇ ಹೇಳಿದ್ದೇವೆ.

ಪಕ್ಷಗಳ ಹೆಸರು, ನಾಯಕರ ಹೆಸರು ಎತ್ತುವಂತಿಲ್ಲ. ವೈಯಕ್ತಿಕವಾಗಿ ಚುಚ್ಚಿದರೆ ಅಲ್ಲಿಗೇ ಗಂಟೆ ಬಾರಿಸುತ್ತೇವೆ. ಎದ್ದು ಮಾತಾಡಲು ಹಿಂಜರಿಯುವವರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತಂಡಕ್ಕೆ ದಾಟಿಸುತ್ತಾರೆ. ಒಳ್ಳೆಯ ಪ್ರಶ್ನೆಗಳು ಜಾಸ್ತಿ ಅವರಿಂದಲೇ ಬರುತ್ತವೆ, ನೋಡುತ್ತಿರಿ.

ನೀವೂ ಬಂದು ಕೂರಬಹುದು. ಮಗು ತಡವರಿಸಿದರೆ ಹಿಂದಿನಿಂದ ಹೇಳಿಕೊಡಬೇಡಿ, ಸುಮ್ನೆ ಕಾಯಿರಿ. ಬರುವವರು ಶುಕ್ರವಾರದೊಳಗೆ ಡೈರಿಯಲ್ಲಿ ಬರೆದು ಕಳಿಸಿ. ಬೆಂಚು ಹಾಕಿಸಬೇಕು.

ಇಂತಿ,
ಮುಖ್ಯ ಶಿಕ್ಷಕಿ