ಫ್ಯಾನಿಗೆ ಕೈ ಹಾಕುವ ಮುನ್ನ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿಗೆ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ ಹಾಕಿಕೊಂಡ ಮೇಲೆ ಫ್ಯಾನು ಬಿಡುವಿಲ್ಲದೆ ತಿರುಗುತ್ತಿದೆ, ಥಿಂಕ್‌ಫ್ಯಾನ್ ತಂತ್ರಾಂಶದಿಂದ ಅದನ್ನು ಸುಮ್ಮನಾಗಿಸುವ ಬಗೆ ತಿಳಿಸಿ ಎಂದು ಬರೆದಿದ್ದೀಯೆ. ಖಂಡಿತ ತಿಳಿಸುತ್ತೇನೆ, ಆದರೆ ಕುಕ್ಕರಿನ ಉರಿ ತಗ್ಗಿಸದೆ ವಿಷಲನ್ನು ಒತ್ತಿ ಹಿಡಿಯುವ ಕೆಲಸವಾಗಬಾರದು ಎಂಬ ಕಾರಣಕ್ಕೆ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲು ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜನ್ನು ಹಾಕಿಕೊಂಡು, ಯಂತ್ರ ಸುಮ್ಮನಿರುವಾಗ ಒಮ್ಮೆ, ನಿನ್ನ ಎಂದಿನ ಕೆಲಸ ನಡೆದಿರುವಾಗ ಒಮ್ಮೆ, ಪ್ರೊಸೆಸರಿನ ತಾಪವನ್ನೂ ಫ್ಯಾನಿನ ಸುತ್ತುಗಳನ್ನೂ ಬರೆದಿಟ್ಟುಕೊ. ಲಿನಕ್ಸಿನ ತಿರುಳಾದ ಕರ್ನೆಲಿನ ಕಡತಗಳನ್ನೇ ನೇರವಾಗಿ ತೆರೆದು ನೋಡಿದರೆ 45000 ಎಂಬಂಥ ಸಂಖ್ಯೆ ಕಾಣುತ್ತದೆ; ಅಲ್ಲಿನ ಲೆಕ್ಕ ಡಿಗ್ರಿಯ ಸಾವಿರದ ಒಂದು ಭಾಗದಲ್ಲಿರುವುದರಿಂದ ಅದು 45 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಇಂಟೆಲ್‌ನ ಹಲವು ಲ್ಯಾಪ್‌ಟಾಪ್ ಪ್ರೊಸೆಸರುಗಳ ಗರಿಷ್ಠ ಮಿತಿ 100 ಡಿಗ್ರಿಯಾಗಿದ್ದು, ಅದನ್ನು ಮುಟ್ಟಿದಾಗ ಅವು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಆದ್ದರಿಂದ ದೊಡ್ಡ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ 80 ಕಂಡರೆ ಗಾಬರಿ ಬೇಡ. ಏನೂ ಮಾಡದೆ ಇರುವಾಗಲೂ 70ರಿಂದ ಕೆಳಗಿಳಿಯದಿದ್ದರೆ ಮಾತ್ರ ಕಾರಣ ಹುಡುಕಬೇಕು.

ಆ ಕಾರಣ ಬಹುಮಟ್ಟಿಗೆ ಎರಡು ಕಡೆ ಸಿಗುತ್ತದೆ. ಟಾಪ್ ಆದೇಶ ಕೊಟ್ಟು ಯಾವ ಪ್ರೋಗ್ರಾಮು ಪ್ರೊಸೆಸರನ್ನು ದುಡಿಸುತ್ತಿದೆಯೆಂದು ನೋಡು. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ವೀಡಿಯೊದ ಸಂಕುಚಿತ ರೂಪವನ್ನು ಬಿಡಿಸುವ ಕೆಲಸವನ್ನು ಬ್ರೌಸರು ಪ್ರೊಸೆಸರಿನ ತಲೆಗೇ ಕಟ್ಟಿರುವುದು ಲಿನಕ್ಸಿನಲ್ಲಿ ಅಪರೂಪವಲ್ಲ. ಅಲ್ಲಿ ಏನೂ ಸಿಗದಿದ್ದರೆ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ತಳ ಬಿಚ್ಚಿ, ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಟ್ಟಿದ ಧೂಳನ್ನು ತೆಗೆ. ಹಳೆಯ ಯಂತ್ರವಾದ್ದರಿಂದ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿರುವ, ಒಣಗಿದ ಥರ್ಮಲ್ ಪೇಸ್ಟನ್ನೂ ಬದಲಿಸುವುದು ಲೇಸು. ಹಾಸಿಗೆಯ ಮೇಲಿಟ್ಟುಕೊಂಡು ಓದುವ ನಿನ್ನ ಅಭ್ಯಾಸದ ಬಗ್ಗೆ ನಿಮ್ಮಮ್ಮ ಹೇಳುವುದು ಈ ಒಂದು ವಿಷಯದಲ್ಲಾದರೂ ಸರಿ, ಏಕೆಂದರೆ ಗಾಳಿ ಒಳಗೆ ಹೋಗುವ ಕಿಂಡಿಗಳು ತಳದಲ್ಲಿವೆ. ವಿದ್ಯುತ್ ಬಳಕೆಯನ್ನು ನಿಭಾಯಿಸುವ ಟಿಎಲ್‌ಪಿ ಮತ್ತು ಪವರ್-ಪ್ರೊಫೈಲ್ಸ್-ಡೀಮನ್ ತಂತ್ರಾಂಶಗಳೆರಡನ್ನೂ ಒಟ್ಟಿಗೆ ಓಡಿಸಬೇಡ. ಒಂದು ಮಾಡಿದ್ದನ್ನು ಇನ್ನೊಂದು ಕೆಡಿಸುತ್ತದೆ.

ಇಷ್ಟಾದರೂ ಸದ್ದು ಉಳಿದರೆ ಥಿಂಕ್‌ಫ್ಯಾನ್ ಹಾಕಿಕೊ. ಕರ್ನೆಲಿನ ಭಾಗವಾದ ಥಿಂಕ್‌ಪ್ಯಾಡ್ ಎಸಿಪಿಐ ಮಾಡ್ಯೂಲು ಫ್ಯಾನಿನ ವೇಗವನ್ನು ಬದಲಿಸಲು ಮೊದಲಿಗೆ ಬಿಡುವುದಿಲ್ಲ. ಫ್ಯಾನ್ ಕಂಟ್ರೋಲ್ ಆಯ್ಕೆಯನ್ನು 1 ಎಂದು ಕೊಟ್ಟು ಮಾಡ್ಯೂಲನ್ನು ಮತ್ತೆ ಲೋಡ್ ಮಾಡಿದ ಮೇಲೆಯೇ 0ರಿಂದ 7ರವರೆಗಿನ ವೇಗದ ಹಂತಗಳು ನಿನ್ನ ಕೈಗೆ ಬರುತ್ತವೆ. 0 ಎಂದರೆ ಫ್ಯಾನು ಪೂರ್ತಿ ನಿಲ್ಲುತ್ತದೆ. ಹಾಗೆ ನಿಂತಿರುವಾಗ ತಂತ್ರಾಂಶವೇ ಸತ್ತರೆ ಗತಿಯೇನೆಂದು ಯೋಚಿಸಿದವರು ಮಾಡ್ಯೂಲಿನಲ್ಲಿ ಒಂದು ಕಾವಲು ಟೈಮರ್ ಇಟ್ಟಿದ್ದಾರೆ: 120 ಸೆಕೆಂಡಿನವರೆಗೆ ಗಡುವು ಕೊಡಬಹುದು, ಅಷ್ಟರೊಳಗೆ ಹೊಸ ಆದೇಶ ಬಾರದಿದ್ದರೆ ಫ್ಯಾನು ಸುರಕ್ಷಿತ ಸ್ಥಿತಿಗೆ ಮರಳುತ್ತದೆ. ಅದನ್ನು ಬಳಸದೆ ಹಂತಗಳನ್ನು ಮುಟ್ಟಬೇಡ. ಥಿಂಕ್‌ಫ್ಯಾನಿನ ಸಂರಚನೆಯಲ್ಲಿ ಪ್ರೊಸೆಸರಿನ ತಾಪ ಅಳೆಯುವ ಸೆನ್ಸರನ್ನು ಕರ್ನೆಲು ಕೊಡುವ ಎಚ್‌ಡಬ್ಲ್ಯುಮಾನ್ ಸಂಖ್ಯೆಯಿಂದ ಗುರುತಿಸಬೇಡ, ಕೋರ್‌ಟೆಂಪ್ ಎಂಬ ಹೆಸರಿನಿಂದಲೇ ಗುರುತಿಸು. ಮರಳಿ ಬೂಟ್ ಮಾಡಿದಾಗ ಆ ಸಂಖ್ಯೆ ಬದಲಾಗಬಹುದು.

ಯಂತ್ರದ ಸ್ವಂತ ನಿಯಂತ್ರಕವು ಪ್ರೊಸೆಸರಿನದಲ್ಲದೆ ಇತರ ಭಾಗಗಳ ಬಿಸಿಯನ್ನೂ ನೋಡಿಕೊಂಡು ಫ್ಯಾನನ್ನು ನಡೆಸುತ್ತದೆ. ನೀನು ಬರೆಯುವ ಹಂತಗಳು ಪ್ರೊಸೆಸರಿನದನ್ನು ಮಾತ್ರ ನೋಡುತ್ತವೆ. ಆದಕಾರಣ ಮೇಲಿನ ಹಂತಗಳನ್ನು ಸ್ವಯಂಚಾಲಿತ ಸ್ಥಿತಿಗೇ ಬಿಟ್ಟು, 55 ಡಿಗ್ರಿಗಿಂತ ಕೆಳಗೆ ಮಾತ್ರ ನಿನ್ನ ಇಷ್ಟದಂತೆ ಇಟ್ಟುಕೊ.

ಧೂಳು ತೆಗೆಯುವ ಮೊದಲಿನ ಹಾಗೂ ಅನಂತರದ ಅಂಕಿಗಳನ್ನು ಬರೆದು ಕಳುಹಿಸು. ಸಂರಚನೆಯ ಕಡತವನ್ನು ಆಮೇಲೆ ಇಬ್ಬರೂ ಕೂಡಿ ಬರೆಯೋಣ.

ಇತಿ,
ನಿನ್ನ ಸೋದರಮಾವ