ಕೊಟ್ಟಿಗೆಯ ಸೈಕಲ್ ಇಳಿಸಿ

ಫಿಲಡೆಲ್ಫಿಯಾ, ಜೂನ್ 8

ಅವ್ವ, ಅಣ್ಣ, ವೈನಿ, ಎಲ್ಲರಿಗೂ ನಮಸ್ಕಾರ. ನಾನು ಆರಾಮ. ನೀವೂ ಆರಾಮ ಅಂದುಕೊಂಡಿದ್ದೇನೆ. ಮಳೆ ಬಂತಾ? ತೊಗರಿ ಬಿತ್ತಿದಿರಾ? ಕಾರ ಹುಣ್ಣಿಮೆಯ ಎತ್ತಿನ ಫೋಟೋ ಕಳಿಸಿ.

ಮೊದಲು ನನ್ನ ಕೈ ವಿಷಯ. ಅವ್ವ, ಕೈ ಮುರಿದಿಲ್ಲ. ಫೋಟೋದಲ್ಲಿ ಕಂಡದ್ದು ಬರೀ ಪಟ್ಟಿ, ಮೊಣಕೈ ತರಚಿತ್ತು ಅಷ್ಟೆ, ಈಗ ಅದೂ ಇಲ್ಲ. ರೊಟ್ಟಿ ಬಡಿಯುತ್ತೇನೆ, ಬಟ್ಟೆ ಹಿಂಡುತ್ತೇನೆ, ಏನೂ ನೋವಿಲ್ಲ, ನಿಜವಾಗಿಯೂ ಇಲ್ಲ. ಆಗಿದ್ದು ಇಷ್ಟೆ. ಇಲ್ಲಿ ಸೈಕಲ್ಲಿನ ಬ್ರೇಕ್ ಉಲ್ಟಾ. ನಮ್ಮ ಕಡೆ ಬಲಗೈ ಒತ್ತಿದರೆ ಮುಂದಿನ ಗಾಲಿ ಹಿಡಿಯುತ್ತದೆ, ಇಲ್ಲಿ ಎಡಗೈ. ಅಡ್ಡ ಒಂದು ಅಳಿಲು ಬಂತು, ಹಿಂದಿನದು ಅಂದುಕೊಂಡು ಎಡಗೈ ಬಿಗಿಯಾಗಿ ಒತ್ತಿಬಿಟ್ಟೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ.

ಈಗ ಅಸಲು ಮಾತು. ಅಣ್ಣ, ನಿನ್ನ ಮಗಳು ಮಲ್ಲುವನ್ನು ಕಾಲೇಜಿಗೆ ಕಳಿಸುವುದಿಲ್ಲವಂತೆ. ಚಿತ್ತಾಪುರದ ಕಡೆಯವರು ನೋಡಲು ಬರುತ್ತಾರಂತೆ. ಕೊಟ್ಟಿಗೆಯಲ್ಲಿ ನೇತು ಹಾಕಿದ ನನ್ನ ಸೈಕಲ್ಲನ್ನೂ ಗುಜರಿಗೆ ಹಾಕುತ್ತೀಯಂತೆ. ಯಾರು ಹೇಳಿದರು ಅಂತ ಕೇಳಬೇಡ ಅಣ್ಣ. ವೈನಿಯಂತೂ ಅಲ್ಲ. (ಮಲ್ಲು, ಇದನ್ನು ಅವ್ವನಿಗೆ ಓದಿ ಹೇಳುತ್ತಿರುವುದು ನೀನೇ ಅಂತ ಗೊತ್ತು. ಇಲ್ಲಿಂದ ಮುಂದೆ ಒಂದು ಅಕ್ಷರವೂ ಬಿಡಬೇಡ. ನಿಮ್ಮಪ್ಪ ಎದ್ದು ಹೋದರೆ ಹಿಂದೆಯೇ ಹೋಗಿ ಓದು.)

ಕಾಲೇಜಿನ ದಾರಿಯ ಬಗ್ಗೆ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ ಆಗಿದೆ, ಸರಿ, ಆದರೆ ತುಂಬಿದ ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲಬೇಕಲ್ಲ. ಸೈಕಲ್ ಅಂದರೆ ಸೇಡಂ ರಸ್ತೆ ತುಂಬ ಸಿಮೆಂಟ್ ಲಾರಿ, ಪರಸಿ ಕಲ್ಲಿನ ಟ್ರ್ಯಾಕ್ಟರ್. 8 ಕಿಲೋಮೀಟರ್ ಹೋಗಬೇಕು, 8 ಬರಬೇಕು. ಆದರೆ ಲಾರಿಯ ಹೆದರಿಕೆಗೆ ಮದುವೆ ಮಾಡುವುದು ಯಾವ ಲೆಕ್ಕ ಹೇಳು?

ನಾನು ಇಲ್ಲಿ ಮಂಗಳವಾರ, ಗುರುವಾರ ಲ್ಯಾಬ್ ಡ್ಯೂಟಿ ಮುಗಿಸಿ ಒಂದು ಕಡೆ ಹೋಗುತ್ತೇನಲ್ಲ, ಸೈಕಲ್ ಅಂಗಡಿ ಅಂತ ನೀವು ನಗುತ್ತೀರಲ್ಲ, ಅದರ ವಿಷಯ ಸರಿಯಾಗಿ ಹೇಳಿರಲಿಲ್ಲ. ಅದು ಅಂಗಡಿ ಅಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳು ಬರುವ ಜಾಗ. ಈ ಓಣಿಯವರು ಹೆಚ್ಚಾಗಿ ಕಪ್ಪು ಜನ, ಬಡವರು, ತಂದೆತಾಯಿ ಮನೆಗೆ ಬರುವಷ್ಟರಲ್ಲಿ ಕತ್ತಲು. ಅಮೆರಿಕದಲ್ಲಿ ಎಲ್ಲರ ಮನೆಯಲ್ಲೂ ಎರಡು ಕಾರು ಅಂತ ಬಸಣ್ಣ ಕಾಕಾ ಕಟ್ಟೆ ಮೇಲೆ ಕೂತು ಹೇಳುತ್ತಾನಲ್ಲ, ಬಂದು ನೋಡಲಿ.

ಜನ ದಾನ ಕೊಟ್ಟ ಕೆಟ್ಟ ಸೈಕಲ್ ರಾಶಿ ಇರುತ್ತದೆ. ಅದರಲ್ಲಿ ಒಂದನ್ನು ಮಗು ಆರಿಸಿಕೊಳ್ಳಬೇಕು. ವಾರಗಟ್ಟಲೆ ಕೂತು ಬಿಚ್ಚಬೇಕು, ಬೇರಿಂಗ್ ಗುಂಡುಗಳಿಗೆ ಗ್ರೀಸ್ ತುಂಬಬೇಕು, ಸೊಟ್ಟ ಗಾಲಿಯನ್ನು ಕಡ್ಡಿ ಬಿಗಿದು ನೆಟ್ಟಗೆ ಮಾಡಬೇಕು. ಎಲ್ಲ ಮುಗಿಸಿದರೆ ಸೈಕಲ್ ಅವರದೇ, ಜೊತೆಗೆ ಹೆಲ್ಮೆಟ್, ಬೀಗ. ಹೌದು, ಸೈಕಲ್ಲಿಗೂ ಹೆಲ್ಮೆಟ್! ಈ ರಾಜ್ಯದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕಾನೂನೇ ಇದೆ. ನಾನು ಹೋಗುವ ಜಾಗ ಚಿಕ್ಕದು. ಇದೇ ಊರಲ್ಲಿ ನೇಬರ್‌ಹುಡ್ ಬೈಕ್ ವರ್ಕ್ಸ್ ಅಂತ ದೊಡ್ಡದು 1996ರಿಂದ ಇದೆ. 1984ರಲ್ಲಿ ಶುರುವಾಗಿ ಈಗ ಬಾಸ್ಟನ್ನಿನಲ್ಲಿರುವ ಒಂದು ಸಂಸ್ಥೆಯೂ ಇಂಥದ್ದೇ ನಡೆಸುತ್ತದೆ. ಸುಮ್ನೆ ಹುಡುಗಾಟ ಅಲ್ಲ ಅಂತ ಹೇಳುತ್ತಿದ್ದೇನೆ. ಪುಕ್ಕಟೆ ಕೊಟ್ಟರೆ ಬೆಲೆ ಇರುವುದಿಲ್ಲ, ದುಡಿದು ಪಡೆಯಲಿ ಅಂತ ಇವರ ವಾದ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನನ್ನ ಸರ್ಕಾರಿ ಸೈಕಲ್ ಪುಕ್ಕಟೆಯದೇ, ನಾನು ಅದನ್ನು ಮೂಲೆಗೆ ಹಾಕಿದ್ದೆನಾ?

ಒಬ್ಬ ಹುಡುಗಿ ಇದ್ದಾಳೆ, ಮಲ್ಲುವಿನ ವಯಸ್ಸು, ಅಷ್ಟೇ ಹಟ. ಪಂಕ್ಚರ್ ಕಲಿಸುವುದು ನನ್ನ ಕೆಲಸ. ಟ್ಯೂಬ್ ನೀರಲ್ಲಿ ಅದ್ದಿ ಗುಳ್ಳೆ ನೋಡುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಎಲ್ಲ ಸೇಡಂ ಬಸ್ ಸ್ಟ್ಯಾಂಡಿನ ಅಜ್ಜ ಮಾಡುತ್ತಿದ್ದ ಹಾಗೆಯೇ. ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಅಂತ ಇಲ್ಲಿಯವರು ಕೇಳುತ್ತಾರೆ, ನಾನು ಏನೋ ದೊಡ್ಡ ಕೋರ್ಸ್ ಮಾಡಿದವಳ ಹಾಗೆ ಸುಮ್ಮನಿರುತ್ತೇನೆ. ಸಲ್ಯೂಷನ್ ಹಚ್ಚಿದ ಮೇಲೆ ಬೆರಳಿಗೆ ಅಂಟದಷ್ಟು ಒಣಗಬೇಕು, ಅಲ್ವಾ? ಆ ಹುಡುಗಿಗೆ ತಡೆಯುವುದಿಲ್ಲ. ಹಸಿ ಇರುವಾಗಲೇ ರಬ್ಬರ್ ತುಂಡು ಒತ್ತಿ, ಗಾಳಿ ಹಾಕಿ, ಅದು ಬಿಟ್ಟುಕೊಂಡು, ನನ್ನ ಮೇಲೆ ರೇಗಿ, ಮತ್ತೆ ಮೊದಲಿಂದ. ಮೂರನೇ ಸಲ ನಾನು ನೂರು ಎಣಿಸು ಅಂದೆ. ನಿನ್ನ ಭಾಷೆಯಲ್ಲಿ ಎಣಿಸುತ್ತೇನೆ ಅಂದಳು. ನಾನು ಹೇಳಿದ್ದನ್ನು ಅವಳು ಹೇಳುತ್ತಾ ಹೋದಳು. "ಯೆರ್ಡು" ಅನ್ನುತ್ತಾಳೆ. ನೂರು ಮುಟ್ಟುವಷ್ಟರಲ್ಲಿ ಸಲ್ಯೂಷನ್ ಒಣಗಿತ್ತು. ತುಂಡು ಕೂತಿತು. ಟ್ಯೂಬನ್ನು ಕೆನ್ನೆಗೆ ಹಿಡಿದು, ಕಣ್ಣು ಮುಚ್ಚಿ, ಗಾಳಿ ಬರುತ್ತಿದೆಯಾ ಅಂತ ಎಷ್ಟೋ ಹೊತ್ತು ಹಾಗೇ ನಿಂತಿದ್ದಳು.

ಅವಳ ಅವ್ವ ಮೂರು ವಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಕಾರುಗಳ ಹೆದರಿಕೆ. ಥೇಟ್ ನೀನೇ ಅಣ್ಣ. ಕೊನೆಗೆ ಒಂದು ಸಂಜೆ ಮೂಲೆಯಲ್ಲಿ ನಿಂತು ಮಕ್ಕಳು ಹೊರಡುವುದನ್ನು ನೋಡಿದಳು. ಮುಂದೆ ಒಬ್ಬ ದೊಡ್ಡವರು, ಎಲ್ಲರಿಗಿಂತ ಹಿಂದೆ ಒಬ್ಬರು, ನಡುವೆ ಮಕ್ಕಳು ಒಂದೇ ಸಾಲು. ಗುಂಡಿ ಕಂಡರೆ ಮುಂದಿನವರು ಕೈ ತೋರಿಸಬೇಕು, ಹಿಂದಿನವರು ಕೂಗಿ ಹೇಳಬೇಕು. ಹೆದರಿಕೆ ಹೋಗಿಲ್ಲ, ಸಹಿ ಮಾತ್ರ ಹಾಕಿದಳು. ಈಗ ಅವರೆಲ್ಲ ನದಿ ದಂಡೆಯ ದಾರಿಯಲ್ಲಿ ಹೋಗುತ್ತಾರೆ. ನದಿಯ ಹೆಸರು ಸ್ಕೂಕಲ್, ಬರೆಯುವುದು ಹೇಗೋ, ಓದುವುದು ಹೇಗೋ. ದೂರ ಆದರೆ ಸೈಕಲ್ಲನ್ನು ಬಸ್ಸಿಗೆ ಹಾಕುತ್ತಾರೆ. ನಮ್ಮ ಹಾಗೆ ಟಾಪ್ ಮೇಲೆ ಅಲ್ಲ, ಬಸ್ಸಿನ ಮೂತಿಗೆ! ಎರಡು ಸೈಕಲ್ ಹಿಡಿಯುವ ಕಂಬಿ ಇರುತ್ತದೆ.

ಅಲ್ಲಿನ ಗೋಡೆ ಮೇಲೆ ಮೇಜರ್ ಟೇಲರ್ ಅಂತ ಒಬ್ಬನ ಚಿತ್ರ ಇದೆ. ಕಪ್ಪು ಮನುಷ್ಯ. 1899ರಲ್ಲಿ ಮಾಂಟ್ರಿಯಲ್ಲಿನಲ್ಲಿ ಜಗತ್ತಿನ ಸೈಕಲ್ ರೇಸ್ ಗೆದ್ದವನು. ತನ್ನ ದೇಶದಲ್ಲೇ ಎಷ್ಟೋ ಕಡೆ ಅವನನ್ನು ರೇಸಿಗೆ ಬಿಡುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ನೀನೇ ನೆನಪಾಗುತ್ತೀಯ ಅಂದರೆ ನಗುತ್ತೀಯ. 2007ರಲ್ಲಿ ನನ್ನ ಸೈಕಲ್ ಬಂದಾಗ ಹುಡುಗಿ ಕಾಲು ಆಡಿಸಿಕೊಂಡು ಹೋಗುವುದೇನು ಅಂತ ಊರೆಲ್ಲ ಅಂದಿತ್ತು. ನೀನು ಯಾರ ಮಾತೂ ಕೇಳದೆ ಸೀಟು ಹಿಡಿದು ನನ್ನ ಹಿಂದೆ ಹನುಮಪ್ಪನ ಗುಡಿ ತನಕ ಓಡಿದ್ದೆ. ಚಪ್ಪಲಿ ಕಿತ್ತುಹೋಗಿತ್ತು. ನಿನಗೆ ನೆನಪಿಲ್ಲದಿರಬಹುದು.

ಈಗ ನನ್ನ ಮಾತು ಕೇಳು. ಆ ಸೈಕಲ್ ಇಳಿಸು. ಮಲ್ಲು ತಾನೇ ಬಿಚ್ಚಲಿ, ನೀನು ಮುಟ್ಟಬೇಡ. ರಬ್ಬರ್ ಎಲ್ಲ ಹೋಗಿರುತ್ತದೆ: ಎರಡು ಟೈರು, ಎರಡು ಟ್ಯೂಬು, ಬ್ರೇಕ್ ರಬ್ಬರ್, ಒಂದು ಚೈನು, ಗ್ರೀಸ್. ಕೊರೊನಾ ಆದ ಮೇಲೆ ಸರ್ಕಾರ ಸೈಕಲ್ ಕೊಡುವುದನ್ನೂ ನಿಲ್ಲಿಸಿತು, ಆದ್ದರಿಂದ ಊರಲ್ಲಿ ಕಾಲೇಜಿಗೆ ಹೋಗಬೇಕೆನ್ನುವ ಇನ್ನೂ ಮೂರು ಹುಡುಗಿಯರಿಗೆ ಸೈಕಲ್ ಇರಲಿಕ್ಕಿಲ್ಲ. ಇದಕ್ಕೂ ಅವರ ಸೈಕಲ್ಲಿಗೂ ದುಡ್ಡು ನಾನು ಕಳಿಸುತ್ತೇನೆ. ಸಾಲ ಅಂತ ಬರೆದುಕೋ, ತೊಗರಿ ಮಾರಿದಾಗ ಕೊಡು, ಕೊಡದಿದ್ದರೂ ನಡೆಯುತ್ತದೆ. ನಾಲ್ಕೂ ಜನ ಒಂದೇ ಸಾಲಲ್ಲಿ ಹೋಗಲಿ. ಕ್ರಾಸಿನ ತನಕ ಹೊಲದ ದಾರಿ ಇದ್ದೇ ಇದೆ. ಮೊದಲ ವಾರ ನೀನು ಗಾಡಿ ತೆಗೆದುಕೊಂಡು ಎಲ್ಲರ ಹಿಂದೆ ಹೋಗು.

ಚಿತ್ತಾಪುರದವರಿಗೆ ಏನಾದರೂ ಹೇಳು. ಹುಡುಗಿಗೆ ಇನ್ನೂ 16. 18 ಆಗುವ ಮೊದಲೇ ಮದುವೆ ಮಾಡಿದರೆ ಕೇಸು. ಮಕ್ಕಳ ಸಹಾಯವಾಣಿ 1098ಕ್ಕೆ ನಾನಂತೂ ಫೋನ್ ಮಾಡುವುದಿಲ್ಲ, ಊರಲ್ಲಿ ಬೇರೆ ಯಾರಾದರೂ ಮಾಡಿದರೆ ನನ್ನನ್ನು ಕೇಳಬೇಡ. ಸಿಟ್ಟು ಮಾಡಿಕೊಳ್ಳಬೇಡ ಅಣ್ಣ. ದೂರ ಕೂತು ಹೇಳುವುದು ಸುಲಭ ಅಂತ ನೀನು ಅನ್ನುತ್ತೀಯ, ಹೌದು, ಸುಲಭವೇ.

ಅವ್ವ, ನಾನು ಚೆನ್ನಾಗಿದ್ದೇನೆ, ಚೆನ್ನಾಗಿ ಉಣ್ಣುತ್ತೇನೆ, ಕೈ ಪೂರ್ತಿ ವಾಸಿ, ಹೆಲ್ಮೆಟ್ ಇಲ್ಲದೆ ಹತ್ತುವುದಿಲ್ಲ, ನಿನ್ನ ಮೇಲಾಣೆ. ಬಿಪಿ ಗುಳಿಗೆ ಬಿಡಬೇಡ. ವೈನಿಗೆ ಬೇರೆ ಬರೆಯುತ್ತೇನೆ. ಬಸ್ಸು ಬಂತು, ಉಳಿದದ್ದು ಭಾನುವಾರ ಫೋನಲ್ಲಿ.

ನಿಮ್ಮ,
ಸುಮಿ

ಮಲ್ಲು, ಹಿಂದಿನ ಗಾಲಿ ಬಿಚ್ಚುವಾಗ ವಾಷರ್ ಯಾವ ಕಡೆ ಇತ್ತು ಅಂತ ಮೊದಲು ಫೋಟೋ ತೆಗೆದುಕೋ.